ಗೆಣಸಿನ ಗುಡ್ಡದಲ್ಲಿ ಹತ್ತಕ್ಕೆ ನಾಲ್ಕು

ನಿಮ್ಮ ಮಕ್ಕಳು ಓದುವ ಶಾಲೆ ಏಳುವುದಕ್ಕೆ ಮೊದಲೂ ಆ ನೆಲದ ಮೇಲೆ ಜನ ಇದ್ದರು. ಅವರನ್ನು ಎಬ್ಬಿಸಿ ಕಳಿಸಿದ ಮೇಲೆಯೇ ಅಲ್ಲಿಗೆ ಬೇಲಿ ಬಂತು, ಗೇಟು ಬಂತು, ‘ಪರಿಸರ ಉಳಿಸಿ’ ಎಂಬ ಗೋಡೆಬರಹ ಬಂತು. ಇದೇನು ಗುಟ್ಟಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ನಮಗೆ ಅಭ್ಯಾಸವಾಗಿ ಹೋಗಿದೆ, ಅಷ್ಟೆ.

ಊರೆಲ್ಲ ‘ಗಿಡದ ಟೀಚರು’ ಎನ್ನುವ ಆ ಶಾಲೆಯ ಟೀಚರಿಗೆ ಇದು ಗೊತ್ತಿತ್ತು. ಗೊತ್ತಿದೆಯೆಂದು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಹೇಳಿ, ಉಳಿದವರ ಚಹಾ ಆರಿಸುತ್ತಿದ್ದವರು ಅವರೊಬ್ಬರೇ. ಇಪ್ಪತ್ತಾರು ವರ್ಷದಿಂದ ಐದನೇ ತರಗತಿ. ಬೇರೆ ಶಾಲೆಗಳಲ್ಲಿ ಹೋದ ವರ್ಷದ ಗುಂಡಿಗೇ ಈ ವರ್ಷದ ಸಸಿ ಇಟ್ಟು ಫೋಟೋ ತೆಗೆಸಿಕೊಳ್ಳುವಾಗ, ಇವರು ಭಾನುವಾರವೂ ಬಕೆಟ್ ಹಿಡಿದು ಬಂದು ನೀರು ಹಾಕುತ್ತಿದ್ದರು. “ಇವಳು ಕಟ್ಟಿಕೊಂಡಿದ್ದು ನನ್ನನ್ನಲ್ಲ, ಶಾಲೆ ಹಿತ್ತಲನ್ನ” ಎಂದು ಗಂಡ ನೆಂಟರೆದುರು ನಗುತ್ತಿದ್ದ. ಅರ್ಧ ನಗು, ಅರ್ಧ ಹೊಟ್ಟೆಯುರಿ.

ನಾನೀಗ ಹೇಳಹೊರಟ ತಪ್ಪು ಮಾಡಿದ್ದು ಇಂಥವರೇ. ಕೇಡಿಗರ ತಪ್ಪನ್ನು ಯಾರು ಬೇಕಾದರೂ ಬರೆದಾರು. ಒಳ್ಳೆಯವರು ಮಾಡಿದ್ದನ್ನು ಬರೆಯುವಾಗಲೇ ಕೈ ಭಾರವಾಗುವುದು.

ಕಳೆದ ವರ್ಷ ಪುಸ್ತಕಕ್ಕೆ ಹೊಸ ಪಾಠ ಸೇರಿತು: ‘ನೆಲದ ಮೂಲ ಜನ’. ಎಂಟು ಸಾಲು, ಒಂದು ಚಿತ್ರ. ಎಂಟು ಸಾಲಿಗೆ ಟೀಚರಿಗೆ ತೃಪ್ತಿಯಾಗಲಿಲ್ಲ. ಆ ಮೂಲ ಜನದ ಹುಡುಗಿಯೇ ಅವರ ತರಗತಿಯ ಕೊನೆಯ ಬೆಂಚಿನಲ್ಲಿದ್ದಳು. ಹುಡುಗಿಯ ಅಜ್ಜಿ ಊರಾಚೆ, ಚರಂಡಿ ದಾಟಿದರೆ ಸಿಗುವ ತಗಡಿನ ಮನೆಯಲ್ಲಿ ಪೊರಕೆ ಕಟ್ಟಿಕೊಂಡಿದ್ದಳು. ಶಾಲೆಯ ಹಿಂದಿನ ಗುಡ್ಡದಲ್ಲಿ ಕಾಡುಗೆಣಸಿನ ಬಳ್ಳಿ ಎಲ್ಲೆಲ್ಲಿದೆ ಎಂಬುದು ಆಕೆಯ ಕಾಲಿಗೇ ಗೊತ್ತಿತ್ತು. ಕೂಲಿ ಸಿಗದ ತಿಂಗಳುಗಳಲ್ಲಿ ಅಲ್ಲಿನ ಮೂರು ಮನೆಗಳ ಒಲೆ ಉರಿಯುತ್ತಿದ್ದುದು ಆ ಗೆಣಸಿನಿಂದಲೇ.

ಗುಡ್ಡಕ್ಕೆ ಬಂದು ಮಕ್ಕಳಿಗೆ ಗೆಣಸು ಅಗೆಯುವುದನ್ನು ಹೇಳಿಕೊಡಿ ಎಂದು ಟೀಚರು ಮೂರು ಸಲ ಹೋಗಿ ಬೇಡಿಕೊಂಡರು. ಮೊದಲ ಸಲ ಅಜ್ಜಿ ಪೊರಕೆಯಿಂದ ತಲೆಯೆತ್ತಲಿಲ್ಲ. ಎರಡನೇ ಸಲ, “ಗುಡ್ಡ ತೋರಿಸೋಕೆ ಅದೇನು ಮದುವೆ ಹೆಣ್ಣಾ?” ಎಂದಳು. ಮೂರನೇ ಸಲ ಮೊಮ್ಮಗಳು ಸೆರಗು ಹಿಡಿದು ಜಗ್ಗಿದಳು. ತನ್ನ ಅಜ್ಜಿ ತನ್ನ ಕ್ಲಾಸಿಗೆ ಪಾಠ ಹೇಳುವುದನ್ನು ಆ ಮಗು ಮನಸ್ಸಿನಲ್ಲಿ ಆಗಲೇ ನೋಡಿಬಿಟ್ಟಿತ್ತು. ಅಜ್ಜಿ ಒಪ್ಪಿದಳು.

ಗೆಣಸಿನ ಇಳಿಜಾರು ಗುಡ್ಡದ ಆಚೆ ಮಗ್ಗುಲಲ್ಲಿತ್ತು. ಆ ದಿನ ಅಲ್ಲಿಗೆ ಹೋದ ಬಾಡಿಗೆ ವ್ಯಾನು ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಇತ್ತು. ಅಜ್ಜಿಯ ಪರಿಚಯ ಮಾಡಿಸಲು ನಿಂತ ಹೆಡ್‌ಮಾಸ್ಟರು ಅರ್ಧ ಗಂಟೆ ತಮ್ಮ ಪರಿಚಯ ಮಾಡಿಕೊಂಡರು. ಆಮೇಲೆ ಅಜ್ಜಿ ಶುರುಮಾಡಿದಳು. ಈ ಇಳಿಜಾರಿನಲ್ಲಿ ತನಗಿಂತ ಮೊದಲು ಯಾರು ಅಗೆಯುತ್ತಿದ್ದರು, ಅವರಿಗೆ ಕಲಿಸಿದ್ದು ಯಾರು, ಬಳ್ಳಿ ಯಾವ ಬಣ್ಣಕ್ಕೆ ತಿರುಗಿದಾಗ ಮುಟ್ಟಬೇಕು, ಗುಡ್ಡದ ಯಾವ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂರಬೇಕು. ಆಕೆಯ ಮಾತಿಗೆ ಅವಸರವಿರಲಿಲ್ಲ. ಮಕ್ಕಳು ಕಾಲು ಕೆರೆದುಕೊಳ್ಳತೊಡಗಿದರು. ಕೆಳಗಿನಿಂದ ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಟೀಚರು ಗಡಿಯಾರ ನೋಡಿಕೊಂಡು ಅಜ್ಜಿಯ ಕಿವಿಯ ಹತ್ತಿರ ಬಗ್ಗಿದರು.

“ಸಾಕು ಬಿಡಿ ಅಜ್ಜಿ, ಉಳಿದಿದ್ದನ್ನ ಮಕ್ಕಳು ಮಾಡ್ತಾ ಮಾಡ್ತಾ ಕಲೀತಾರೆ.”

ಅಜ್ಜಿ ಹೋಗಿ ಒಂದು ಕಲ್ಲಿನ ಮೇಲೆ ಕೂತಳು.

ಪ್ರತಿ ಚಟುವಟಿಕೆಗೂ ಮೇಲಿನ ಕಚೇರಿ ಅಂಕ ಕೇಳುತ್ತದೆ. ಅಂಕವೆಂದರೆ ಅಳತೆ ಬೇಕು. ಯಾರ ಗೆಣಸು ಹೆಚ್ಚು ತೂಗುತ್ತದೋ ಅವರಿಗೆ ಹತ್ತಕ್ಕೆ ಹತ್ತು ಎಂದು ಟೀಚರು ಸಾರಿದರು. ನಲವತ್ತೊಂದು ಮಕ್ಕಳು ಮಿಡತೆ ಇಳಿದ ಹಾಗೆ ಇಳಿಜಾರಿಗೆ ಇಳಿದರು.

ಶಾಲೆಯ ಅಡುಗೆಮನೆಯಿಂದ ತಂದ ತಕ್ಕಡಿಯಲ್ಲಿ ಒಬ್ಬನ ಗೆಣಸು ಮೂರು ಕಿಲೋ ತೂಗಿತು. ಕೊನೆಯ ಬೆಂಚಿನ ಹುಡುಗಿಯದು ಅಂಗೈಯಗಲದ ಒಂದೇ ತುಂಡು.

“ನಿಮ್ಮದೇ ಗುಡ್ಡ ಅಲ್ವೇನೇ, ನಿಂಗೇ ಸಿಗ್ಲಿಲ್ವಾ?” ಎಂದ ಮೂರು ಕಿಲೋದವನು. ಎಲ್ಲರೂ ನಕ್ಕರು. ಟೀಚರೂ ನಕ್ಕರು. ದೊಡ್ಡದಾಗಿ ಅಲ್ಲ, ಮೂಗಿನಲ್ಲಿ, ಒಂದಿಷ್ಟು.

“ತಲೆ ವಾಪಸ್ ಇಟ್ಟೆ, ಮಿಸ್” ಎಂದಳು ಹುಡುಗಿ.

ಟೀಚರ ಕಿವಿಗೆ ಅದು ಬಿತ್ತು, ಒಳಗೆ ಇಳಿಯಲಿಲ್ಲ. ಪೆನ್ನು ನಾಲ್ಕು ಎಂದು ಬರೆದು, ಪಕ್ಕದಲ್ಲಿ ‘ಆಸಕ್ತಿ ಸಾಲದು’ ಎಂದು ಸೇರಿಸಿ ಮುಂದಕ್ಕೆ ಹೋಯಿತು.

ಮಧ್ಯಾಹ್ನ ಶಾಲೆಯ ಅಡುಗೆಯಮ್ಮ ಗೆಣಸಿನ ಟಬ್ಬಿನ ಮುಂದೆ ಚಾಕು ಹಿಡಿದು ಕೂತವಳು ಕತ್ತರಿಸದೆ ಹಾಗೇ ನೋಡುತ್ತಿದ್ದಳು. “ಇದೇನ್ ಟೀಚರೇ, ಬಳ್ಳಿ ಸಮೇತ ಕಿತ್ಕೊಂಡು ಬಂದಿದೀರ? ಹಿತ್ತಲಲ್ಲಿ ಗೆಡ್ಡೆ ಕಿತ್ರೂ ತಲೆಭಾಗ ಮಣ್ಣಿಗೇ ಹಾಕ್ತೀವಲ್ಲ. ಮುಂದಿನ ವರ್ಷಕ್ಕೆ ಬೇಡ್ವಾ?”

ಬೆಳಿಗ್ಗೆ ಹುಡುಗಿ ‘ತಲೆ ವಾಪಸ್ ಇಟ್ಟೆ’ ಅಂದದ್ದು ಟೀಚರ ಒಳಗೆ ಈಗ ಇಳಿಯಿತು. ಅಂಕದ ಪುಸ್ತಕ ತೆರೆದರು. ‘ಆಸಕ್ತಿ ಸಾಲದು’. ದುಂಡಗಿನ, ಅಂದವಾದ, ತಮ್ಮದೇ ಅಕ್ಷರ. ಇಪ್ಪತ್ತಾರು ವರ್ಷ ಪರಿಸರ, ಪರಿಸರ ಎಂದು ಗಂಟಲು ಹರಿದುಕೊಂಡ ಬಾಯಿ ಬೆಳಿಗ್ಗೆ ಆ ಮಗುವಿನೆದುರು ನಕ್ಕಿತ್ತು.

ಟಬ್ಬನ್ನು ಆಟೋಗೆ ಹಾಕಿಕೊಂಡು ಚರಂಡಿಯಾಚೆ ಹೋದರು. ಅಜ್ಜಿ ಒಂದೊಂದೇ ಗೆಣಸನ್ನು ಎತ್ತಿ, ತಲೆಯ ಭಾಗವನ್ನು ಬೆರಳಲ್ಲಿ ಸವರಿ ನೋಡಿದಳು. ಅರ್ಧಕ್ಕರ್ಧ ಗುದ್ದಲಿಯೇಟಿಗೆ ಸೀಳಿಹೋಗಿದ್ದವು.

“ತಪ್ಪಾಯ್ತು ಅಜ್ಜಿ, ನಂಗೆ ಗೊತ್ತಿರ್ಲಿಲ್ಲ” ಎಂದರು ಟೀಚರು.

“ಗೊತ್ತಿಲ್ದೋರನ್ನ ನಾನು ಬೈಯಲ್ಲ, ಟೀಚರಮ್ಮ. ನಾನು ಹೇಳ್ತಾ ಇದ್ದೆ. ನೀವು ಗಡಿಯಾರ ನೋಡಿದ್ರಿ.”

ಇದಕ್ಕಿಂತ ಎರಡೇಟು ಹಾಕಿದ್ದರೆ ಟೀಚರಿಗೆ ಹಗುರಾಗುತ್ತಿತ್ತು.

ಬೆಳಕಿರುವಾಗಲೇ ಅಜ್ಜಿ, ಹುಡುಗಿ, ಟೀಚರು ಮೂವರೂ ಗುಡ್ಡ ಹತ್ತಿದರು. ಸೀಳದೆ ಉಳಿದದ್ದು ಹತ್ತೊಂಬತ್ತು ತಲೆ. ಮೊದಲನೆಯದನ್ನು ಟೀಚರು ಗುಂಡಿಗೆ ಇಟ್ಟಾಗ ಹುಡುಗಿ ತಡೆದು, “ಹಂಗಲ್ಲ ಮಿಸ್, ಕಣ್ಣು ಮೇಲಕ್ಕೆ ಬರ್ಬೇಕು” ಎಂದು ತಿರುಗಿಸಿಟ್ಟಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಬಹುದು ಎಂಬುದೇ ಆ ಮಗುವಿಗೆ ತಿಳಿದಿರಲಿಲ್ಲ. ಟೀಚರು ಮುಖ ಬೇರೆ ಕಡೆ ತಿರುಗಿಸಿ ಮಣ್ಣೆಳೆದರು.

ಮರುದಿನ ತರಗತಿಯೆದುರು ನಡೆದದ್ದನ್ನೆಲ್ಲ ಹೇಳಿದರು. ತಾವು ನಕ್ಕದ್ದನ್ನೂ ಬಿಡಲಿಲ್ಲ. ಹುಡುಗಿಗೆ ಹತ್ತು, ಉಳಿದವರಿಗೆಲ್ಲ ಸೊನ್ನೆ ಎಂದರು. ಹುಡುಗಿ ಪೆನ್ಸಿಲ್ ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೆ ತೂರಿಕೊಂಡಳು. ನಲವತ್ತು ಜೊತೆ ಕಣ್ಣುಗಳಿಗೆ ಮತ್ತೆ ಅವಳನ್ನೇ ಒಡ್ಡಿದೆನಲ್ಲ ಎಂದು ಟೀಚರಿಗೆ ಹೊಳೆಯುವಾಗ ತಡವಾಗಿತ್ತು. ತಪ್ಪು ತಿದ್ದುವುದಕ್ಕೂ ಒಂದು ನಯ ಬೇಕು. ಅದನ್ನು ಯಾವ ತರಬೇತಿಯಲ್ಲೂ ಅವರಿಗೆ ಕಲಿಸಿರಲಿಲ್ಲ.

ಸಂಜೆಯೊಳಗೆ ಪಾಲಕರು ಗೇಟಿಗೆ ಬಂದರು. ಮೂರು ಕಿಲೋ ಕಿತ್ತ ಮಗನಿಗೆ ಸೊನ್ನೆ ಯಾವ ನ್ಯಾಯ ಎಂದು ಹುಡುಗನ ಅಪ್ಪ ಒಳಗೆ ಬಂದು ಹೆಡ್‌ಮಾಸ್ಟರ ಮೇಜು ಕುಟ್ಟಿದ. ಗೆಣಸಿಗೋಸ್ಕರ ಗಲಾಟೆ ಬೇಡವೆಂದು ಹೆಡ್‌ಮಾಸ್ಟರು ಎಲ್ಲರಿಗೂ ಹತ್ತು ಬರೆಸಿದರು. ಎಲ್ಲರಿಗೂ ಹತ್ತು ಬಂದದ್ದು ಕಂಡು ಮೇಲಿನ ಕಚೇರಿಯಿಂದ ಮೆಚ್ಚುಗೆ ಪತ್ರ ಬಂತು. ಅದನ್ನು ಕಟ್ಟು ಹಾಕಿಸಿ ಮುಂಬಾಗಿಲ ಪಕ್ಕ ತೂಗುಹಾಕಿದ್ದಾರೆ. ಟೀಚರು ಈಗ ಹಿಂಬಾಗಿಲಿನಿಂದ ಒಳಗೆ ಹೋಗುತ್ತಾರೆ.

ಮಳೆಯಾದ ಮೇಲೆ ಹತ್ತೊಂಬತ್ತರಲ್ಲಿ ಏಳು ಚಿಗುರಿದವು. ಮೂರು ಮನೆಗೆ ಏಳು ಬಳ್ಳಿ. ಈ ವರ್ಷವೂ ಶಾಲೆಗೆ ಬನ್ನಿ ಎಂದು ಟೀಚರು ಕರೆಯಹೋದಾಗ ಅಜ್ಜಿ ಪೊರಕೆ ಕಟ್ಟುತ್ತಲೇ, ಈ ಸಲ ಬೇಡ ಅಂದಳು. ಟೀಚರು ಎರಡನೇ ಸಲ ಕೇಳಲಿಲ್ಲ. ತಲೆಯಿಲ್ಲದ ಗುಂಡಿಗಳು ಹಾಗೇ ಬಾಯಿ ತೆರೆದು ನಿಂತಿವೆ, ಮಳೆಗೆ ಅವುಗಳ ಅಂಚಿನ ಮಣ್ಣು ಕೊಚ್ಚಿ ಹೋಗುತ್ತಿದೆ. ಭಾನುವಾರ ಟೀಚರು ಮೊಣಕಾಲು ನೋವಿನಲ್ಲೇ ಕೆಳಗಿನಿಂದ ಮಣ್ಣು ಹೊತ್ತು ಒಂದೋ ಎರಡೋ ಮುಚ್ಚಿ ಬರುತ್ತಾರೆ. ಹದಿನೈದು ಉಳಿದಿವೆ.

ಅವು ಟೀಚರೊಬ್ಬರೇ ತೋಡಿದ ಗುಂಡಿಗಳಲ್ಲ. ಅಂದು ಗೇಟಿನ ಮುಂದೆ ನಿಂತು ಅಂಕ ಕೇಳಿದ್ದು ನೀವು. ನಾಳೆ ಶಾಲೆಗೆ ಹೋಗಿ ನಿಮ್ಮ ಮಗುವಿನ ಹೆಸರಿನ ಮುಂದಿರುವ ಆ ಹತ್ತನ್ನು ಹೊಡೆದುಹಾಕಿಸಿ. ಆಮೇಲೆ ಚರಂಡಿ ದಾಟಿ, ಅಜ್ಜಿಯನ್ನು ಕೇಳಿ, ಆಕೆ ಹೂಂ ಅಂದರೆ ಮಗುವಿನ ಕೈಗೊಂದು ಬುಟ್ಟಿ ಮಣ್ಣು ಕೊಟ್ಟು ಗುಡ್ಡ ಹತ್ತಿಸಿ. ಹದಿನೈದು ಗುಂಡಿಗಳನ್ನೂ ಮುಚ್ಚಿ.