ಸಾಲಿನಲ್ಲಿ ಒಂದು ತಲೆ ಕಡಿಮೆ

ಗಲ್ಫಿನ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ನಾನು ಸೇಫ್ಟಿ ಆಫೀಸರ್. ಸೈರನ್ ಕೂಗಿದರೆ ಎಲ್ಲರೂ ಕೆಲಸ ಬಿಟ್ಟು ಅಸೆಂಬ್ಲಿ ಪಾಯಿಂಟಿಗೆ ಬಂದು ಸಾಲಾಗಿ ನಿಲ್ಲಬೇಕು. ನಾನು ಸೀಟಿ ಊದಿ ತಲೆ ಎಣಿಸಬೇಕು. ಒಂದು ತಲೆ ಕಡಿಮೆಯಾದರೂ ಯಾರೋ ಒಳಗೆ ಬಿದ್ದಿದ್ದಾರೆ ಎಂದೇ ಅರ್ಥ. ಬರೀ ಅಭ್ಯಾಸದ ಡ್ರಿಲ್ ಆದರೂ ಅಷ್ಟೆ, ನಾನು ಯಾರ ಮುಲಾಜೂ ನೋಡುವವನಲ್ಲ. ನನ್ನ ಬಾಯಿಗೆ ಬ್ರೇಕಿಲ್ಲ ಎಂದು ಹೆಂಡತಿಯೇ ಹೇಳುತ್ತಾಳೆ.

ಆ ಚಳಿಗಾಲದ ಡ್ರಿಲ್ಲಿನಲ್ಲಿ ಒಂದು ತಲೆ ಕಡಿಮೆ ಬಂತು. ಹಿಂದಿನ ಸಲವೂ ಅವನೇ: ಸ್ಕ್ಯಾಫೋಲ್ಡಿಂಗ್ ಕಟ್ಟುವ ನೇಪಾಳಿ. ಮೂವತ್ತೈದರ ಆಸುಪಾಸಿನವನು, ಮಾತು ಕಡಿಮೆ, ಕೆಲಸದಲ್ಲಿ ಕೊಂಕು ತೆಗೆಯುವ ಹಾಗಿಲ್ಲ. ಹುಡುಕಿದರೆ ಪೈಪುಗಳ ಹಿಂದಿನ ಚರಂಡಿಯಲ್ಲಿ ಬೋರಲು ಮಲಗಿದ್ದ.

"ಇವನಿಗೆ ಮಂಡೆ ಸಮ ಉಂಟಾ ಸರ್?" ಎಂದ ನಮ್ಮ ಮಂಗಳೂರು ಕಡೆಯವನೇ ಆದ ಸೂಪರ್‌ವೈಸರ್. "ಇನ್ನೊಂದು ಸಲ ಹೀಗೆ ಮಾಡಿದ್ರೆ ಗೇಟ್ ಪಾಸ್ ಖಲಾಸ್ ಅಂತ ಮ್ಯಾನೇಜರ್ ಹೇಳಿ ಆಗಿದೆ."

ಪಾಸ್ ಹೋದರೆ ಕೆಲಸವೂ ಹೋಯಿತು, ಊರಿಗೆ ವಾಪಸ್. ಅವನನ್ನು ಕ್ಯಾಬಿನ್ನಿಗೆ ಕರೆಸಿ ಚೆನ್ನಾಗಿ ಬೈದೆ. "ಗುಂಪಿನಲ್ಲಿ ನಿಲ್ಲೋಕಾಗಲ್ಲ ಸಾಬ್" ಎಂದಷ್ಟೇ ನೆಲ ನೋಡುತ್ತ ಹೇಳಿದ. ಬೈದು ಸಾಕಾದ ಮೇಲೆ ನನಗೊಂದು ಉಪಾಯ ಹೊಳೆಯಿತು. ಗುಂಪಿನಲ್ಲಿ ನಿಲ್ಲುವುದೇ ಕಷ್ಟವಾದರೆ ಇವನನ್ನು ಮಾರ್ಷಲ್ ಮಾಡಿಬಿಡೋಣ. ಮಾರ್ಷಲ್ ಆದವನು ಸಾಲಿನಿಂದ ದೂರ ನಿಂತು ಸೀಟಿ ಊದಿ ಉಳಿದವರನ್ನು ಕರೆದರೆ ಸಾಕು. ಹಿಂದಿಯಲ್ಲಿ ಅದನ್ನು ಹೇಳಿ, ಡ್ರಾಯರಿನಿಂದ ಹೊಸ ಸೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟೆ.

ಅವನು ಮುಟ್ಟಲಿಲ್ಲ.

"ಸೀಟಿ ಬೇಡ ಸಾಬ್" ಎಂದ. ಆಮೇಲೆ, ಬಸ್ಸಿನ ಟೈಮ್ ಹೇಳುವ ದನಿಯಲ್ಲಿ ಉಳಿದದ್ದನ್ನೂ ಹೇಳಿದ. ಅವನ ದೇಶದ ಅಂತರ್ಯುದ್ಧದಲ್ಲಿ ಬಂಡುಕೋರರು ಶಾಲೆಯಿಂದ ಎಳೆದುಕೊಂಡು ಹೋದಾಗ ಅವನಿಗೆ ಹನ್ನೊಂದೋ ಹನ್ನೆರಡೋ. ಬಂದೂಕು ಹೊರುವಷ್ಟು ಬಲವಿರಲಿಲ್ಲ. ಕಮಾಂಡರ್ ಕೊರಳಿಗೆ ಸೀಟಿ ಹಾಕಿದ. ಬೆಳಿಗ್ಗೆ ಉಳಿದ ಮಕ್ಕಳನ್ನೆಲ್ಲ ಕರೆದು ಸಾಲು ನಿಲ್ಲಿಸುವುದು ಅವನ ಕೆಲಸ. ಒಂದು ಬೆಳಿಗ್ಗೆ ಊದಿದ. ಎಲ್ಲರೂ ಓಡಿ ಬಂದು ಮೈದಾನದಲ್ಲಿ ನಿಂತರು. ಬೆಟ್ಟದ ಹಿಂದಿನಿಂದ ಸೇನೆಯ ಹೆಲಿಕಾಪ್ಟರ್ ಬಂದು ಗುಂಡು ಸುರಿಸಿತು. ಅವನು ಸಾಲಿನಿಂದ ದೂರ ನಿಂತಿದ್ದ.

"ನಾನು ಕರೆದೆ ಅಂತ ಬಂದಿದ್ದರು ಸಾಬ್."

"ಚಾಯ್ ಕುಡೀತೀಯಾ?" ಎಂದೆ. ಡ್ಯೂಟಿ ಇದೆ ಎಂದು ಹೆಲ್ಮೆಟ್ ಹಾಕಿಕೊಂಡು ಹೋದ. ನಿಜ ಹೇಳಬೇಕೆಂದರೆ ನನಗೆ ಏನೂ ಅನ್ನಿಸಲಿಲ್ಲ. ಡಬ್ಬಿ ಬಿಚ್ಚಿ ಮೀನು ಸಾರಿನ ಅನ್ನ ಉಂಡೆ, ರುಚಿ ಗೊತ್ತಾಗಲಿಲ್ಲ. ಸಂಜೆ ನಮ್ಮ ವಸತಿಯಿರುವ ಅಲ್ ಖೋರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಮುಂದೆ ಕೂತವರ ತಲೆಗಳನ್ನು ಎಣಿಸುತ್ತಿದ್ದೇನೆ ಎಂದು ಗೊತ್ತಾಗಿ ಕಿಟಕಿಯ ಕಡೆ ತಿರುಗಿದೆ.

ಮುಂದಿನ ಡ್ರಿಲ್ ಬಂತು. ಸೈರನ್ ಕೂಗಿತು. ಸೀಟಿ ಬಾಯಲ್ಲಿಟ್ಟುಕೊಂಡೆ, ಊದಲು ಸ್ವಲ್ಪ ಹೊತ್ತು ಹಿಡಿಯಿತು. ಊದಿದೆ. ಜನ ಬಂದರು. ಎಲ್ಲರ ಹಿಂದೆ ಅವನೂ ಬಂದ. ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಸಾಲಿನ ಕೊನೆಗೆ ನಿಂತವನು ಪಕ್ಕದವರನ್ನು ಕೈಯಿಂದ ಆಚೆ ಆಚೆ ತಳ್ಳತೊಡಗಿದ. "ದೂರ ನಿಲ್ಲಿ, ದೂರ" ಎನ್ನುತ್ತಿದ್ದ. ಕಣ್ಣು ಮಾತ್ರ ಆಕಾಶದ ಮೇಲೆ.

"ಎಂತ ಮಾಡ್ತಾ ಉಂಟು ಮಾರಾಯ ಇವ?" ಎಂದು ಸೂಪರ್‌ವೈಸರ್ ರೇಗಿದ.

"ನೀನು ಸುಮ್ಮನಿರು" ಎಂದೆ.

ಎಣಿಸಿದೆ. ಎಲ್ಲರೂ ಇದ್ದರು. ಕಂಟ್ರೋಲ್ ರೂಮಿಗೆ ವಾಕಿಟಾಕಿಯಲ್ಲಿ ಹಾಗೆಂದು ತಿಳಿಸಿದೆ. ಸೀಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ಸಾಲಿನಿಂದ ದೂರ ನಿಂತಿದ್ದವನು ನಾನೊಬ್ಬನೇ.