ಉಳಿದ ಹನ್ನೊಂದು ಮಾತ್ರೆ

ದೇವರಿಗೆ ದೀಪ ಹಚ್ಚದೆ ಗೋವಿಂದರಾಜು ಮಗ್ಗಕ್ಕೆ ಕೂತ ದಿನವೇ ಇಲ್ಲ. ಸೇಲಂನ ಗುಗೈ ಬಡಾವಣೆಯಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯವರೆಲ್ಲ ದೈವಭಕ್ತರೇ, ಆದರೆ ಇವನದು ಒಂದು ಕೈ ಮೇಲು. ಮಂಗಳವಾರ ಒಪ್ಪೊತ್ತು ಮೊದಲಿನಿಂದಲೂ ಇತ್ತು, ಈಚೆಗೆ ಶುಕ್ರವಾರ ಉಪವಾಸ, ವರ್ಷಕ್ಕೆ ನಲವತ್ತೆಂಟು ದಿನ ಬರಿಗಾಲು ಸೇರಿವೆ. ಹೆಂಡತಿ ಇದ್ದಾಗ ಅವಳು ಗದರಿಸಿ ಊಟಕ್ಕೆ ಎಬ್ಬಿಸುತ್ತಿದ್ದಳು. ಮೂರು ವರ್ಷದ ಹಿಂದೆ ಕಾಮಾಲೆ ಬಂದು ಅವಳು ಹೋದಳು. ಆಮೇಲೆ ಗದರಿಸುವವರು ಯಾರೂ ಇಲ್ಲ. ಮನೆಯಲ್ಲಿ ಉಳಿದವರು ಅವನು, ಹದಿನಾರರ ಮಗಳು ಶಾಲಿನಿ, ಗೋಡೆಯ ಗೂಡಿನಲ್ಲಿ ಕುಲದೇವತೆ ಚೌಡಮ್ಮನ ಪಟ. ಅವರ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ, ಹಾಗಾಗಿ ನನಗೆ ಕೇಳದ ಮಾತು ಆ ಮನೆಯಲ್ಲಿ ಕಡಿಮೆ. ಕೇಳದ್ದನ್ನು ಅವನೇ ಆಮೇಲೆ ಹೇಳಿದ.

ಶಾಲಿನಿಗೆ ಒಂದೂವರೆ ವರ್ಷದಿಂದ ಮೂರ್ಛೆ ಕಾಯಿಲೆ. ಮೊದಲ ಸಲ ಬಂದಾಗಲೇ ಡಾಕ್ಟರ್ ದಿನಕ್ಕೆರಡು ಮಾತ್ರೆ ಬರೆದುಕೊಟ್ಟರು. ಗೋವಿಂದರಾಜು ಅವನ್ನು ತಂದವನೇ ತಗಡಿನ ಡಬ್ಬಕ್ಕೆ ಹಾಕಿ ಚೌಡಮ್ಮನ ಪಟದ ಮುಂದೆ ಇಟ್ಟ. ಮಾತ್ರೆ ಕೊಡುವುದು ಡಾಕ್ಟರಾದರೂ ಗುಣ ಮಾಡುವವಳು ಅಮ್ಮ ಎಂದು ಅವನ ನಂಬಿಕೆ. ದಿನಾ ಬೆಳಿಗ್ಗೆ ಪಟಕ್ಕೆ ಕುಂಕುಮ ಇಡುವಾಗ ಡಬ್ಬಕ್ಕೂ ಒಂದು ಬೊಟ್ಟು. ಓದುವ ಹುಡುಗಿ, ಹೇಳಿಸಿಕೊಳ್ಳಬೇಕಾಗಿಲ್ಲ, ತಾನೇ ತೆಗೆದು ನುಂಗುತ್ತಾಳೆ ಎಂದು ನೆಮ್ಮದಿಯಾಗಿದ್ದ; ನುಂಗಿದೆಯಾ ಎಂದಾಗ ಅವಳು ತಲೆಯಾಡಿಸಿದರೆ ಅವನಿಗೆ ಸಾಕಾಗಿತ್ತು. ಆದರೂ ಮತ್ತೆ ಎರಡು ಸಲ ಬಂತು. ಒಮ್ಮೆ ಅಡುಗೆಮನೆಯಲ್ಲಿ, ಒಮ್ಮೆ ಸ್ಕೂಲಿಗೆ ಹೋಗುವಾಗ ಬಸ್ ಸ್ಟಾಪಿನಲ್ಲಿ. ಅಲ್ಲಿ ಬಿದ್ದಾಗ ಬಸ್ಸಿನ ಚಕ್ರಕ್ಕೂ ಅವಳ ತಲೆಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ.

ಆಗಲೇ ಡಾಕ್ಟರ್ ಮೋಹನ್‌ರಾಜ್ ಎರಡು ತಿಂಗಳ ಮಾತ್ರೆ ಕೊಟ್ಟು, ಮುಗಿದ ದಿನ ಡಬ್ಬದ ಸಮೇತ ಬನ್ನಿ ಎಂದರು. ಆ ದಿನ ಬಂತು. ಅಪ್ಪ ಡಬ್ಬವನ್ನು ಕಣ್ಣಿಗೊತ್ತಿಕೊಂಡು ಬಟ್ಟೆಯಲ್ಲಿ ಸುತ್ತಿ ಹೊರಟ, ಮಗಳು ಹಿಂದೆ.

ಡಾಕ್ಟರ್ ಮುಚ್ಚಳ ತೆಗೆದರು. ಕುಂಕುಮ ಮೇಜಿನ ಮೇಲೆಲ್ಲ ಉದುರಿತು. ಖಾಲಿ ಡಬ್ಬ ನೋಡಬೇಕಾದವರಿಗೆ ಒಳಗೆ ಮಾತ್ರೆಯ ಪಟ್ಟಿ ಸಿಕ್ಕಿತು. ಬೆರಳಿಂದ ಒಂದೊಂದೇ ಮಾತ್ರೆ ಒತ್ತಿ ಎಣಿಸಿದರು. ಹನ್ನೊಂದು.

"ಎನ್ನಮ್ಮಾ ಇದು?" ಎಂದು ತಮಿಳಿನಲ್ಲಿ ಶಾಲಿನಿಯನ್ನು ಕೇಳಿದರು.

"ಮರೆತೆಯಾ?"

ಇಲ್ಲ ಎಂದು ತಲೆಯಾಡಿಸಿದಳು.

"ಹಾಗಾದರೆ ಬೇಕಂತಲೇ ಬಿಟ್ಟೆಯಾ?"

ಶಾಲಿನಿ ಕುಂಕುಮ ಉದುರಿದ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಡಾಕ್ಟರ್ ಗೋವಿಂದರಾಜು ಕಡೆ ತಿರುಗಿದರು. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ ಬೈದರು. ನೀವು ಎಂಥ ತಂದೆ, ಡಬ್ಬಕ್ಕೆ ಕುಂಕುಮ ಹಚ್ಚಲು ಪುರುಸೊತ್ತಿದೆ, ಮಗಳು ನುಂಗಿದಳಾ ಎಂದು ನೋಡಲು ಇಲ್ಲವಾ? ಒಂದೆರಡು ದಿನ ಬಿಟ್ಟರೂ ಸಾಕು, ಮೂರ್ಛೆ ಬರುತ್ತದೆ. ಒಂದು ಸಲ ಬಂದದ್ದು ನಿಲ್ಲದೆ ಹೋದರೆ ನನ್ನಿಂದಲೂ ಏನೂ ಮಾಡಲಾಗದು, ಜೀವ ಹೋಗುತ್ತದೆ. ಕೊನೆಗೆ ದನಿ ತಗ್ಗಿಸಿ ಒಂದು ಮಾತು ಹೇಳಿದರು: "ಈ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ಏನಿರುತ್ತದೋ ಹೇಳಕ್ಕಾಗಲ್ಲ. ತಾಯಿ ಬೇರೆ ಇಲ್ಲ ಅಂತೀರ. ಕಣ್ಣಿಟ್ಟಿರಿ."

ಅಷ್ಟು ಹೊತ್ತು ಬೈದದ್ದು ನಾಟಿರಲಿಲ್ಲ, ಈ ಮೆಲುಮಾತು ನಾಟಿತು.

ವಾಪಸು ಬರುವಾಗ ಬಸ್ಸಿನಲ್ಲಿ ಶಾಲಿನಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದಳು. ಗೋವಿಂದರಾಜು ಹಿಂದೆ ಕಂಬಿ ಹಿಡಿದು ನಿಂತು ಅವಳ ಜಡೆಯನ್ನೇ ನೋಡುತ್ತಿದ್ದ. ಮರೆತಿಲ್ಲ. ಬೇಕಂತಲೇ ಬಿಟ್ಟಿದ್ದಾಳೆ. ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು, ಅವಳೇನು ಹಾಲು ಕುಡಿಯುವ ಮಗುವಲ್ಲ. ಅಂದರೆ ಅವಳಿಗೆ ಬೇಕಾದದ್ದೇ ಅದಾ? ಈಚೆಗೆ ಅವಳು ಮಾತು ಕಡಿಮೆ ಮಾಡಿದ್ದು, ಕೆಲವು ದಿನ ಊಟ ಬೇಡ ಎಂದು ಹೊಟ್ಟೆ ಹಿಡಿದು ಮಲಗುತ್ತಿದ್ದದ್ದು, ಕಾರಣ ಕೇಳಿದರೆ ಗೋಡೆ ಕಡೆ ತಿರುಗುತ್ತಿದ್ದದ್ದು ಎಲ್ಲ ನೆನಪಿಗೆ ಬಂತು. ಹೆಂಡತಿ ಸತ್ತ ದಿನವೂ ಅವನಿಗೆ ಇಷ್ಟು ಹೆದರಿಕೆ ಆಗಿರಲಿಲ್ಲವಂತೆ. ಬಸ್ಸು ಎಲ್ಲಿ ನಿಂತರೂ ಅವಳು ಇಳಿದು ಓಡಿಬಿಡುತ್ತಾಳೇನೋ ಎಂದು ಎರಡು ಹೆಜ್ಜೆ ಮುಂದೆ ಬರುತ್ತಿದ್ದ.

ಮನೆ ತಲುಪಿದಾಗ ಸಂಜೆ ಐದು. ಡಬ್ಬವನ್ನು ಮೊದಲು ಗೂಡಿನಲ್ಲಿ ಅದರ ಜಾಗಕ್ಕೆ ಇಟ್ಟ. ಆಮೇಲೆ ಬಾಗಿಲ ಚಿಲಕ ಹಾಕಿದ. ಚಿಲಕದ ಸದ್ದಿಗೆ ನಾನು ಇಲ್ಲಿ ಒಲೆ ಸಣ್ಣ ಮಾಡಿದೆ. ಹಾಡುಹಗಲಲ್ಲಿ ನಮ್ಮ ಬೀದಿಯಲ್ಲಿ ಯಾರೂ ಚಿಲಕ ಹಾಕುವುದಿಲ್ಲ.

"ಬಾ ಇಲ್ಲಿ," ಎಂದ. "ಚೌಡಮ್ಮನ ಪಟದ ಮ್ಯಾಲೆ ಕೈ ಮಡಗು. ಇನ್ಮ್ಯಾಲೆ ಒಂದ್ ಮಾತ್ರೇನೂ ಬಿಡಲ್ಲ ಅಂತ ಸತ್ಯ ಮಾಡು."

ಶಾಲಿನಿ ಬಾಗಿಲ ಹತ್ತಿರವೇ ನಿಂತಿದ್ದಳು. "ನಾಳೆ ಮಾಡ್ತೀನಿ ಅಪ್ಪಾ."

"ನಾಳೆ ಯಾಕೆ?"

"ನಾಳೆ ಕಂಡಿಪ್ಪಾ, ಖಂಡಿತ ಮಾಡ್ತೀನಿ. ಇವತ್ತು ಬ್ಯಾಡ."

"ಇವತ್ತು ರಾತ್ರಿ ಏನ್ ಮಾಡ್ಕಂಡು ಸಾಯಕ್ ಓಯ್ತೀಯಲೇ?" ಎಂದ. "ನಿಮ್ಮವ್ವ ಓದಂಗೆ ನೀನೂ ಓಗ್ಬೇಕಾ? ನಾನ್ ಒಬ್ನೇ ಈ ಗೋಡೆ ನೋಡ್ಕಂಡು ಕೂತ್ಕಬೇಕಾ? ಸುಳ್ಳಿ! ದಿನಾ ನುಂಗ್ದೆ ನುಂಗ್ದೆ ಅಂತ ತಲೆ ಆಡ್ಸ್ಕಂಡು..."

"ಅಪ್ಪಾ, ಪ್ಲೀಸ್..."

ಅವನು ಬಂದು ಅವಳ ಮಣಿಕಟ್ಟು ಹಿಡಿದ. ಮಗಳ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ. ಅವತ್ತು ದರದರ ಎಳೆದ. ಅವಳು ನೆಲಕ್ಕೆ ಕೂತು, ಇನ್ನೊಂದು ಕೈಯಲ್ಲಿ ಮಗ್ಗದ ಕಂಬ ಹಿಡಿದುಕೊಂಡಳು. ಗೂಡಿಗೆ ಇನ್ನು ಒಂದು ಮಾರು ದೂರ ಇರುವಾಗ ಕಿರುಚಿದಳು. ಆ ಕಿರುಚು ಬೀದಿಗೆಲ್ಲ ಕೇಳಿತು.

"ಬ್ಯಾಡ ಅಪ್ಪಾ! ಮುಟ್ಟಿಸ್ಬ್ಯಾಡ! ನಾನು ಆಚೆ ಆಗಿದೀನಿ. ಇವತ್ತು ಮೂರನೇ ದಿನ."

ಗೋವಿಂದರಾಜು ಕೈ ಬಿಟ್ಟ. ಹೆಂಡತಿ ತಿಂಗಳಿಗೆ ಮೂರು ದಿನ ಆಚೆ ಕೂರುತ್ತಿದ್ದದ್ದು ಅವನಿಗೆ ಗೊತ್ತು. ಮಗಳಿಗೂ ಅದು ಉಂಟು ಎಂದು ಗೊತ್ತಿಲ್ಲದೆ ಏನಿಲ್ಲ, ಆದರೆ ಅದನ್ನು ಯೋಚಿಸುವುದು ಅಪ್ಪನ ಕೆಲಸ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಡುಗೆ ಮಾಡುವವಳು ಅವಳೊಬ್ಬಳೇ, ಮೂಲೆ ಹಿಡಿದು ಕೂತರೆ ಮನೆ ನಡೆಯುವುದಿಲ್ಲ. ಹಾಗಾಗಿ ಆ ದಿನಗಳ ಕಟ್ಟುಪಾಡನ್ನೆಲ್ಲ ಅವಳು ಬಿಟ್ಟಿದ್ದಳು, ಒಂದನ್ನು ಮಾತ್ರ ಉಳಿಸಿಕೊಂಡು.

"ಅದಕ್ಕೂ ಮಾತ್ರೆಗೂ..." ಎಂದು ಶುರು ಮಾಡಿದವನು ಗೂಡಿನ ಕಡೆ ನೋಡಿ ಅಲ್ಲೇ ನಿಲ್ಲಿಸಿದ. ಪಟ. ಪಟದ ಪಾದದಲ್ಲಿ ಡಬ್ಬ. ತಾನೇ ಇಟ್ಟದ್ದು.

"ಯಾವಾಗಿಂದ?"

"ಮೊದ್ಲಿಂದ್ಲೂ. ಆ ಮೂರು ದಿನ ಗೂಡಿನ ತಾವ ಓಗ್ಬಾರ್ದು ಅಂತ ಅವ್ವ ಯೋಳಿದ್ಲು."

ಶಾಲಿನಿ ದೊಡ್ಡವಳಾದ ವರ್ಷವೇ ತಾಯಿ ತೀರಿಕೊಂಡದ್ದು. ಹೆಣ್ಣುಮಗಳಿಗೆ ಹೇಳಿಕೊಡಬೇಕಾದ ನೂರು ವಿಷಯದಲ್ಲಿ ಅವಳಿಗೆ ಹೇಳಲು ಪುರುಸೊತ್ತಾದದ್ದು ಅದೊಂದೇ ಇರಬೇಕು. ಹುಡುಗಿ ಅದನ್ನು ಭದ್ರವಾಗಿ ಹಿಡಿದುಕೊಂಡಿದ್ದಳು.

"ನಂಗ್ ಯೋಳಿದ್ರೆ ನಾನ್ ತಕ್ಕೊಡ್ತಿರ್ಲಿಲ್ವಾ?"

"ಎಂಗಪ್ಪಾ ಯೋಳದು?"

ನನ್ನನ್ನು ಕೇಳಿದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು, ಈ ಬೀದಿಯ ಹೆಂಗಸರು. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದೆವು, ಪಾಪ ತಾಯಿಲ್ಲದ ಕೂಸು ಎಂದು ಲೊಚಗುಟ್ಟುತ್ತಿದ್ದೆವು. ನಿನ್ನ ಆ ದಿನಗಳು ಹೇಗೆ ಕಳೆಯುತ್ತವಮ್ಮಾ ಎಂದು ಒಬ್ಬಳಾದರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವತ್ತು ಗೋಡೆಗೆ ಕಿವಿ ಕೊಟ್ಟು ನಿಂತಾಗ ನನಗೆ ನನ್ನ ಮೇಲೇ ಸಿಟ್ಟು ಬಂತು.

ಅವನು ನೆಲದ ಮೇಲೆ ಅವಳ ಎದುರು ಕೂತ. "ಬಸ್ ಸ್ಟಾಪ್‌ನಲ್ಲಿ ಬಿದ್ಯಲ್ಲ, ಅವಾಗ್ಲೂನಾ?"

ಹೂಂ ಎಂದಳು.

"ಅದ್ಕೆ ಮುಂಚೆ, ಅಡುಗೆಮನೇಲಿ?"

"ಅವಾಗ್ಲೂ."

ಆ ಎರಡು ಸಲವೂ ಅವನು ಹರಕೆ ಹೆಚ್ಚಿಸಿದ್ದ. ಒಮ್ಮೆ ಶುಕ್ರವಾರದ ಉಪವಾಸ ಸೇರಿಸಿದ, ಒಮ್ಮೆ ಬರಿಗಾಲು ಸೇರಿಸಿದ. ಹೋದ ತಿಂಗಳ ಮೂರು ದಿನಕ್ಕೆ ಆರು ಮಾತ್ರೆ, ಈ ತಿಂಗಳದು ಇವತ್ತು ಬೆಳಗಿನವರೆಗೆ ಐದು. ಹನ್ನೊಂದು ಸರಿಹೋಯಿತು. ಐದು ಸಲ ಬಿಟ್ಟಿದ್ದಾಳೆ, ಈಗಲೇ ಯಾವ ಗಳಿಗೆಯಲ್ಲಾದರೂ ಬರಬಹುದು ಎಂದು ಹೊಳೆದದ್ದೇ ತಡ, ಎದ್ದು ಗೂಡಿನ ಹತ್ತಿರ ಓಡಿದ. ಅವಸರಕ್ಕೆ ಡಬ್ಬ ಕೆಳಗೆ ಬಿತ್ತು. ಮಾತ್ರೆ ಒಂದನ್ನು ಬಿಡಿಸಿ, ಲೋಟದಲ್ಲಿ ನೀರು ತಂದು, ಅವಳ ಮುಂದೆ ಹಿಡಿದ.

ಅವಳು ಕೈ ಚಾಚಲಿಲ್ಲ. ಮಾತ್ರೆಗೆ ಅವನ ಬೆರಳಿನ ಕುಂಕುಮ ಅಂಟಿತ್ತು.

"ಅಮ್ಮನ ಪಾದದಲ್ಲಿ ಇದ್ದಿದ್ದು ಅಪ್ಪಾ. ಈಗ ನಾನು ಮುಟ್ಟಿದ್ರೆ ತಪ್ಪಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಏನೂ ಆಗಲ್ಲ ಬಿಡು ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದರು. ಗೋವಿಂದರಾಜುಗೆ ಹಾಗೆ ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ಏನಾದರೂ ಆಗುತ್ತದೆ ಎಂದು ನಂಬಿಯೇ ಅವನು ನಲವತ್ತೈದು ವರ್ಷ ಬದುಕಿದ್ದು. ಪಟ ನೋಡಿದ, ಮಗಳನ್ನು ನೋಡಿದ. ಕುಂಕುಮವನ್ನು ತನ್ನ ಪಂಚೆಗೆ ಒರೆಸಿದ.

"ತಪ್ಪಾದ್ರೆ ಆಗ್ಲಿ," ಎಂದ. "ಆ ಪಾಪ ನಂಗ್ ಬರ್ಲಿ. ನುಂಗು ಮಗಾ."

ಶಾಲಿನಿ ಮಾತ್ರೆ ತೆಗೆದುಕೊಂಡು ನುಂಗಿದಳು. ನೀರು ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ, ಅವನು ಕೇಳದೆಯೇ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ಅಪ್ಪನಿಗೆ ತೋರಿಸಿದಳು. ಗೋವಿಂದರಾಜುಗೆ ಅದನ್ನು ನೋಡಲಾಗಲಿಲ್ಲ.