ಒಡೆಲ್ ನೆಟ್ಟ ಗುಲಾಬಿ ಬಾವುಟಗಳು

ಒಡೆಲ್ ಕ್ರಂಪ್‌ಗೆ ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟಿದ್ದು ಬದುಕಿನಲ್ಲಿ ಒಂದೇ ಒಂದು ಸಲ. ಅದೂ ಅವನು ಹೇಸರಗತ್ತೆಯ ವೇಷದಲ್ಲಿ ಮುಗ್ಗರಿಸಿ ಬಿದ್ದಾಗ.

ಟ್ರಿಗ್ಸ್‌ಬಿ ಕಾಲೇಜಿನ ಫುಟ್‌ಬಾಲ್ ತಂಡದ ಹೆಸರೇ ಹೇಸರಗತ್ತೆಗಳು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರು ಬಂದವನಿಗೆ ಡಿಕ್ಕಿ ಹೊಡೆದು ಓಡುವ ಮೈಕಟ್ಟು ಇದ್ದವರು ತಂಡಕ್ಕೆ ಸೇರುತ್ತಿದ್ದರು. ಅದಿಲ್ಲದ ಒಡೆಲ್‌ನಂಥವರಿಗೆ ಬಟ್ಟೆಯ ಕತ್ತೆತಲೆ ಹಾಕಿಕೊಂಡು ಗೆರೆಯಾಚೆ ಕುಣಿಯುವ ಭಾಗ್ಯ. ಬಿದ್ದ ಏಟಿಗೆ ಕತ್ತೆತಲೆ ಕಳಚಿ ಉರುಳಿತು, ಒಡೆಲ್‌ನ ಬಾಯಿ ತುಂಬ ಹುಲ್ಲು. ಅದರ ರುಚಿ ಹತ್ತಿತೋ ಏನೋ, ಓದು ಮುಗಿದ ಮೇಲೆ ಅದೇ ಮೈದಾನದ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿಕೊಂಡ.

"ಅಂತೂ ಕತ್ತೆ ಹುಲ್ಲಿನ ಹತ್ರ ಹೋಯ್ತು" ಎಂದಳು ಅವನಮ್ಮ. ಅಲಬಾಮಾದ ಆ ಸಣ್ಣ ಊರಿಗೆಲ್ಲ ಆ ಮಾತು ಸಂಜೆಯೊಳಗೆ ಗೊತ್ತಾಗಿತ್ತು.

ಆಗ ಮೈದಾನದ ಯಜಮಾನಿಕೆ ಹೊಸಿಯಾ ಪೆಟ್ವೇ ಎಂಬ ಮುದುಕನದು. ಮೈದಾನಕ್ಕೆಲ್ಲ ಗರಿಕೆ. ಬೇಸಿಗೆಯಲ್ಲಿ ಕತ್ತರಿಸಿ ತಿರುಗಿ ನೋಡುವಷ್ಟರಲ್ಲಿ ಮತ್ತೆ ಬೆಳೆದಿರುತ್ತಿತ್ತು. ಹೊಸಿಯಾನಿಗೆ ಲೋಕದಲ್ಲಿ ಮೂರೇ ವೈರಿಗಳು: ಒದ್ದೆ ನೆಲದ ಮೇಲೆ ಕವಾಯತು ಮಾಡುವ ಬ್ಯಾಂಡಿನವರು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಫೋಟೋಗೆ ನಿಲ್ಲುವ ಹೆಂಗಸರು, ಮತ್ತು ಸತ್ತವರು.

ಟ್ರಿಗ್ಸ್‌ಬಿಯಲ್ಲಿ ಸತ್ತವರ ಕಾಟ ಅಷ್ಟಿಷ್ಟಲ್ಲ. ಬದುಕಿದ್ದಷ್ಟು ದಿನ ಹೇಸರಗತ್ತೆಗಳಿಗಾಗಿ ಗಂಟಲು ಹರಿದುಕೊಂಡವರು, ಸತ್ತ ಮೇಲೆ ತಮ್ಮ ಬೂದಿ ಆ ಮೈದಾನಕ್ಕೇ ಸೇರಬೇಕು ಎಂದು ಹೇಳಿ ಹೋಗುತ್ತಿದ್ದರು. ಬೂದಿ ಹಾಕುವುದನ್ನು ನಿಷೇಧಿಸಲಾಗಿದೆ ಎಂದು ಕಾಲೇಜು ಗೇಟಿಗೆ ಬೋರ್ಡು ಹಾಕಿತ್ತು. ಜನ ಆ ಬೋರ್ಡಿನ ಕೆಳಗೇ ಹಾದು, ಪಾಪ್‌ಕಾರ್ನ್ ಡಬ್ಬಿಯಲ್ಲಿ, ಕಾಫಿ ಫ್ಲಾಸ್ಕಿನಲ್ಲಿ ತಮ್ಮವರನ್ನು ಒಳಗೆ ತರುತ್ತಿದ್ದರು. ಪಂದ್ಯ ಗೆದ್ದಾಗ ಎಲ್ಲರೂ ಮೈದಾನಕ್ಕೆ ನುಗ್ಗುವ ಗದ್ದಲದಲ್ಲಿ, ನಟ್ಟನಡುವೆ, ಒಂದೇ ಕಡೆ ದಬಕ್ಕನೆ ಸುರಿದುಬಿಡುವುದು. ಮನುಷ್ಯನ ಬೂದಿಯಲ್ಲಿ ಉಪ್ಪಿನಂಶ ಜಾಸ್ತಿ. ರಾಶಿ ಬಿದ್ದ ಕಡೆ ಗರಿಕೆ ಸುಟ್ಟು, ಸಿಮೆಂಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ಮುಂದಿನ ಶನಿವಾರ ಟಿವಿಯಲ್ಲಿ ಇಡೀ ರಾಜ್ಯ ಅದನ್ನು ನೋಡುತ್ತಿತ್ತು.

"ಬದುಕಿದ್ದಾಗ ಟಿಕೆಟ್ ಇಲ್ದೆ ನುಗ್ತಿದ್ರು, ಸತ್ತ ಮೇಲೂ ಅದೇ ಚಾಳಿ" ಎಂದು ಹೊಸಿಯಾ ಬೈಯುತ್ತಿದ್ದ. ಬೈದು ಬೈದು ಸಾಕಾಗಿ ಕೊನೆಗೆ ಒಂದು ಉಪಾಯ ಮಾಡಿದ. ಪ್ರತಿ ಮಂಗಳವಾರ ಬೆಳಿಗ್ಗೆ ಸಣ್ಣ ಗೇಟಿನ ಬೀಗ ತೆಗೆದಿಡುವುದು. ಕದ್ದು ತರಬೇಡಿ, ನೆಟ್ಟಗೆ ತನ್ನಿ. ಬೀಜ ಎರಚುವ ಕೈಯಂತ್ರದಲ್ಲಿ ತೆಳ್ಳಗೆ ಹರಡೋಣ, ಮೇಲೆ ಚೆನ್ನಾಗಿ ನೀರು ಬಿಡೋಣ. ನಿಮ್ಮವರೂ ಉಳಿಯುತ್ತಾರೆ, ನನ್ನ ಹುಲ್ಲೂ ಉಳಿಯುತ್ತದೆ. ಕಾಲೇಜಿನವರಿಗೆ ಮಾತ್ರ ಇದು ಗೊತ್ತಾಗಕೂಡದು.

ಹೊಸಿಯಾ ನಿವೃತ್ತನಾಗಿ ಮಗಳ ಊರಿಗೆ ಹೋದಾಗ ಒಡೆಲ್ ಮೈದಾನದ ಯಜಮಾನನಾದ. ಆ ಸಂಬಳಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಮೈದಾನದ ಜೊತೆಗೆ ಮಂಗಳವಾರವೂ ಅವನ ಪಾಲಿಗೆ ಬಂತು.

ಅವನ ಮೊದಲ ಗಿರಾಕಿ ಮಿಸ್ ವರ್ನಾ. ಚರ್ಚಿನ ಅಡುಗೆಮನೆಯನ್ನೂ ಅರ್ಧ ಊರನ್ನೂ ಆಳುವ ಹೆಂಗಸು. ಗಂಡ ಅರ್ಲ್‌ನನ್ನು ಬಿಸ್ಕತ್ತಿನ ಡಬ್ಬದಲ್ಲಿ ತಂದಿದ್ದಳು.

"ಒಂದೇ ಕಡೆ ಸುರೀಬೇಡಿ ಮಿಸ್ ವರ್ನಾ, ಹುಲ್ಲು ಸತ್ತುಹೋಗುತ್ತೆ."

"ಬದುಕಿದ್ದಾಗಲೂ ನಾನು ನೆಟ್ಟಿದ್ದನ್ನೆಲ್ಲ ಸಾಯಿಸಿದ್ದು ಇವನೇ ಕಣೋ" ಎಂದಳು ವರ್ನಾ. "ಲಾನ್ ಮೋವರ್ ಹತ್ತಿಸಿಬಿಡೋನು. ಕೊಡಿಲ್ಲಿ ಆ ಯಂತ್ರ."

ಹ್ಯಾಂಡಲ್ ತಿರುಗಿಸುತ್ತ ಗೋಲು ಗೆರೆಯ ಉದ್ದಕ್ಕೂ ನಡೆದಳು. ಕೊನೆ ಮುಟ್ಟುವ ಹೊತ್ತಿಗೆ ಅಳುತ್ತಿದ್ದಳು. ಏನು ಮಾಡಬೇಕೆಂದು ತಿಳಿಯದ ಒಡೆಲ್ ಪೈಪು ಹಿಡಿದು ನೀರು ಬಿಟ್ಟ. ಅವಳ ಶೂ ಒದ್ದೆಯಾಯಿತು. ಸಂತೈಸುವ ಕಲೆ ಅವನಿಗೆ ಅಷ್ಟೇ ಗೊತ್ತಿದ್ದದ್ದು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಮೇ ತಿಂಗಳಲ್ಲಿ, ಗರಿಕೆ ಹಸಿರಾಗುತ್ತಿದ್ದ ಹೊತ್ತಿಗೇ, ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಬ್ರಾಡ್‌ಫರ್ಡ್ ಲೈಲ್ಸ್ ಅವನನ್ನು ಕರೆಸಿದ. ಮೇಜಿನ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಒಂದು ತುಂಡು ಇತ್ತು.

"ಮುಟ್ಟಿ ನೋಡು. ನೀರು ಬೇಡ, ಗೊಬ್ಬರ ಬೇಡ. ಇವತ್ತು ಮದುವೆ, ನಾಳೆ ಸಂಗೀತ ಕಚೇರಿ, ನಾಡಿದ್ದು ಪಂದ್ಯ. ದುಡ್ಡು ಕೊಡೋರೂ ಸಿಕ್ಕಿದ್ದಾರೆ."

"ನಾನೇನು ಮಾಡ್ಲಿ ಸರ್?"

"ಪ್ಲಾಸ್ಟಿಕ್ ಗುಡಿಸೋಕೂ ಒಬ್ಬ ಬೇಕಲ್ಲಪ್ಪ."

"ಈಗಿರೋ ಮಣ್ಣು?"

"ಅಗೆದು ತೆಗೀತಾರೆ. ಹೆದ್ದಾರಿ ಪಕ್ಕ ಯಾರೋ ಕಾರು ತೊಳೆಯೋ ಅಂಗಡಿ ಕಟ್ತಿದ್ದಾರೆ, ಅಲ್ಲಿ ತಗ್ಗು ತುಂಬಿಸೋಕೆ ಹೋಗುತ್ತೆ."

"ಅದರಲ್ಲಿ ಜನ ಇದ್ದಾರೆ ಸರ್."

ಲೈಲ್ಸ್ ನಕ್ಕ. "ಬೂದಿ ಹಾಕೋದು ನಿಷೇಧ. ಗೇಟಲ್ಲಿ ಬೋರ್ಡಿದೆ. ಅಂದ ಮೇಲೆ ಅಲ್ಲಿ ಯಾರೂ ಇಲ್ಲ."

ಇದ್ದಾರೆ, ನಾನೇ ಹಾಕಿಸಿದ್ದು ಎಂದುಬಿಟ್ಟರೆ ಕೆಲಸ ಹೋಗುತ್ತದೆ. ಒಡೆಲ್ ಪ್ಲಾಸ್ಟಿಕ್ ತುಂಡನ್ನು ಸವರಿ, "ಮೆತ್ತಗಿದೆ ಸರ್" ಎಂದು ಹೇಳಿ ಹೊರಬಂದ. ಮನೆಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತು, ಲೈಲ್ಸ್‌ಗೆ ಹೇಳಬೇಕಾಗಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿದ. ಫ್ರಿಜ್ಜು ಬೆವರಿತು.

ಎರಡು ದಿನ ಬಿಟ್ಟು ಲೈಲ್ಸ್‌ನ ಅಪ್ಪಣೆ ಬಂತು: "ಸೋಮವಾರ ಅಗೆಯೋ ಯಂತ್ರ ಬರುತ್ತೆ. ಅಷ್ಟರೊಳಗೆ ನೆಲದಡಿ ಏನೇನಿದೆಯೋ ಎಲ್ಲದಕ್ಕೂ ಬಾವುಟ ನೆಟ್ಟಿರು."

ಆ ಸೀಮೆಯಲ್ಲಿ ಹಿತ್ತಲಲ್ಲಿ ಗುಂಡಿ ತೋಡುವವನಿಗೂ ಗೊತ್ತಿರುವ ಕಾನೂನು ಅದು. ನೆಲದಡಿ ಇರುವುದನ್ನೆಲ್ಲ ಮೊದಲು ತಂತಿಯ ಪುಟ್ಟ ಬಾವುಟ ನೆಟ್ಟು ಗುರುತಿಸಬೇಕು; ಬಾವುಟ ಇರುವ ಕಡೆ ಯಂತ್ರ ಇಳಿಯುವಂತಿಲ್ಲ. ಒಡೆಲ್ ನೀರಿನ ಪೈಪಿಗೆ ನೀಲಿ ನೆಟ್ಟ, ಕರೆಂಟಿಗೆ ಕೆಂಪು ನೆಟ್ಟ. ನೆಟ್ಟು ಗೋಲು ಗೆರೆಯ ಹತ್ತಿರ ನಿಂತ. ಆ ಮಣ್ಣಿನಲ್ಲಿ ಅವನ ಸ್ವಂತದವರು ಯಾರೂ ಇರಲಿಲ್ಲ. ಆದರೂ ಕಾರು ತೊಳೆದ ನೊರೆನೀರಿನ ಕೆಳಗೆ ಅರ್ಲ್ ಬಿದ್ದಿರುವುದನ್ನು ನೆನೆಸಿಕೊಂಡು ಮತ್ತೆ ಉಗ್ರಾಣಕ್ಕೆ ಹೋದ.

ಉಗ್ರಾಣದಲ್ಲಿ ಮಿಕ್ಕಿದ್ದು ಎರಡೇ ಬಣ್ಣ. ಬಿಳಿ ನೆಟ್ಟರೆ ಶರಣಾದ ಹಾಗೆ ಕಾಣುತ್ತದೆ ಎಂದುಕೊಂಡು ಗುಲಾಬಿ ಬಾವುಟದ ಕಟ್ಟು ಬಿಚ್ಚಿದ. ಮೊದಲನೆಯದು ಅರ್ಲ್‌ಗೆ. ಆಮೇಲೆ ಮಂಗಳವಾರ ಬಂದವರಲ್ಲಿ ತನಗೆ ನೆನಪಿದ್ದವರಿಗೆ. ಹೊಸಿಯಾನ ಕಾಲದ ಹಳಬರ ವಿಷಯ ಕೇಳೋಣವೆಂದು ವರ್ನಾಗೆ ಫೋನ್ ಮಾಡಿದ.

ವರ್ನಾಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ.

ಭಾನುವಾರ ಪ್ರಾರ್ಥನೆ ಮುಗಿಸಿ ಜನ ಸಣ್ಣ ಗೇಟಿನಿಂದ ಸಾಲಾಗಿ ಬಂದರು. ಕದ್ದು ಸುರಿದವರೂ ಬಂದು ಒಪ್ಪಿಕೊಂಡರು. "ಅಪ್ಪ ಇಲ್ಲೇ ನಡುವೆ, ಪಾಪ್‌ಕಾರ್ನ್ ಡಬ್ಬೀಲಿ ತಂದಿದ್ದೆ" ಎಂದ ಒಬ್ಬ. ಚರ್ಚಿನ ಹಿರಿಯನೊಬ್ಬ ಒಡೆಲ್‌ನನ್ನು ಪಕ್ಕಕ್ಕೆ ಕರೆದು, "ನಮ್ಮತ್ತೇನ ಆ ಕಡೆ ಹಾಕಿದ್ದೀನಿ, ಎದುರಾಳಿ ತಂಡದವರು ಕೂರೋ ಜಾಗ. ನನ್ನ ಹೆಂಡ್ತಿಗೆ ಹೇಳ್ಬೇಡ" ಎಂದ. ಒಡೆಲ್ ಸದ್ದಿಲ್ಲದೆ ಅಲ್ಲೂ ಒಂದು ನೆಟ್ಟ. ಎಷ್ಟಾಯಿತು ಎಂದು ಯಾರೂ ಎಣಿಸಲಿಲ್ಲ. ಸಂಜೆ ಗಾಳಿ ಬೀಸಿದಾಗ ಮೈದಾನವೇ ಗುಲಾಬಿಯಾಗಿ ಅಲುಗಿತು.

ಸೋಮವಾರ ಯಂತ್ರ ಬಂತು. ಓಡಿಸುವವನು ಡೂಯಿ, ಅದೇ ಊರಿನವನು. ಅದರ ಹಿಂದೆ ಲೈಲ್ಸ್. ಮೈದಾನ ನೋಡಿ ಕಾರಿನ ಬಾಗಿಲು ಹಾಕುವುದನ್ನೇ ಮರೆತ.

"ಏನೋ ಇದು?"

"ನೀವೇ ಹೇಳಿದ್ರಲ್ಲ ಸರ್. ನೆಲದಡಿ ಇರೋದಕ್ಕೆಲ್ಲ. ನೀಲಿ ನೀರು, ಕೆಂಪು ಕರೆಂಟು."

"ಈ ಗುಲಾಬಿ?"

"ಜನ."

"ತಮಾಷೆ ಸಾಕು. ಡೂಯಿ, ಶುರು ಮಾಡು."

ಡೂಯಿ ಇಂಜಿನ್ ಆರಿಸಿದ. "ಬಾವುಟದ ಮೇಲೆ ಯಂತ್ರದ ಬಕೆಟ್ ಇಳಿಸಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಸರ್. ಅದೂ ಅಲ್ದೆ, ಆ ಮೂಲೇಲಿರೋದು ನಮ್ಮ ಚಿಕ್ಕಪ್ಪ."

"ಹಾಗಾದ್ರೆ ಕಿತ್ತು ಹಾಕು!"

"ನೀವೇ ಕೀಳಿ."

ಲೈಲ್ಸ್ ಸರಸರ ಗೋಲು ಗೆರೆಗೆ ನಡೆದು ಬಗ್ಗಿದ. ಮೇಲಿನಿಂದ ಒಂದು ದನಿ ಬಂತು: "ಅದು ನಮ್ಮ ಅರ್ಲ್. ಜೋಪಾನ, ಅವನಿಗೆ ಯಾರಾದ್ರೂ ಕಾಲು ತುಳಿದ್ರೆ ಆಗ್ತಿರ್ಲಿಲ್ಲ." ತಲೆಯೆತ್ತಿ ನೋಡಿದರೆ ಗ್ಯಾಲರಿಯ ಮೆಟ್ಟಿಲುಗಳಲ್ಲಿ ಜನ ಕೂತಿದ್ದರು. ಕೂಗಾಟವಿಲ್ಲ, ಘೋಷಣೆಯಿಲ್ಲ. ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತ, ಪಂದ್ಯ ಶುರುವಾಗಲೆಂದು ಕಾದಂತೆ ಕೂತಿದ್ದರು.

ಲೈಲ್ಸ್ ಬಾವುಟ ಮುಟ್ಟಲಿಲ್ಲ. ನೆಟ್ಟಗಾಗಿ ಒಡೆಲ್‌ನ ಕಡೆ ತಿರುಗಿದ. "ಇವರನ್ನೆಲ್ಲ ಒಳಗೆ ಬಿಟ್ಟಿದ್ದು ಯಾರು?"

ಫ್ರಿಜ್ಜಿನ ಮುಂದೆ ಹೇಳಿದ್ದ ದೊಡ್ಡ ಭಾಷಣದಲ್ಲಿ ಒಂದು ಪದವೂ ಒಡೆಲ್‌ಗೆ ನೆನಪಾಗಲಿಲ್ಲ. "ನಾನೇ ಸರ್. ಮಂಗಳವಾರ ಮಂಗಳವಾರ ಗೇಟು ತೆಗೀತಿದ್ದೋನೂ ನಾನೇ. ನಾಳೆ ಮಂಗಳವಾರ. ನಾಳೆಯೂ ತೆಗೀತೀನಿ."

"ನಾಳೆ ನಿನಗೆ ಇಲ್ಲಿ ಕೆಲಸ ಇರಲ್ಲ."

"ಹುಲ್ಲು ಇರುತ್ತಲ್ಲ."

ಯಂತ್ರ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಒಡೆಲ್‌ನ ಕೀಲಿಗೊಂಚಲು ಲೈಲ್ಸ್‌ನ ಜೇಬಿಗೆ ಹೋಯಿತು. ಮೈದಾನದ ದೊಡ್ಡ ಮೋವರ್ ಶೆಡ್ಡಿನೊಳಗೆ ಉಳಿಯಿತು.

ಮಂಗಳವಾರ ಬೆಳಿಗ್ಗೆ ಸಣ್ಣ ಗೇಟಿಗೆ ಹೊಸ ಬೀಗ ಬಿದ್ದಿತ್ತು. ಡೂಯಿ ಬೀಗ ಮುಟ್ಟಲಿಲ್ಲ. ಗೇಟನ್ನೇ ಬಿಜಾಗರಿಯಿಂದ ಎತ್ತಿ ಗೋಡೆಗೆ ಒರಗಿಸಿಟ್ಟ. ಒಡೆಲ್ ತನ್ನಮ್ಮನ ಹಿತ್ತಲಿನ, ಕೈಯಲ್ಲಿ ತಳ್ಳುವ ಲಾನ್ ಮೋವರ್ ತಂದಿದ್ದ. ಅಷ್ಟು ದೊಡ್ಡ ಮೈದಾನಕ್ಕೆ ಅದು ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು. ಒಂದು ಬಾವುಟ ಕೀಳುವುದು, ಅಲ್ಲಿ ಕತ್ತರಿಸುವುದು, ಮತ್ತೆ ನೆಡುವುದು. ಇನ್ನೊಂದು ಕೀಳುವುದು. ಹತ್ತು ಗಜ ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. "ಇಷ್ಟೊಂದು ಜನ ಸಾಯೋ ಅಗತ್ಯ ಏನಿತ್ತು?" ಎಂದು ಹೊಸಿಯಾನ ದನಿಯಲ್ಲೇ ಗೊಣಗಿದ. ವರ್ನಾ ಮಡಿಸುವ ಕುರ್ಚಿ ಹಾಕಿಕೊಂಡು, "ಅಲ್ಲಿ ಬಿಟ್ಟೆ ನೋಡು, ಅಲ್ಲಿ" ಎಂದು ಬೆರಳು ತೋರಿಸುತ್ತಿದ್ದಳು.

ಬಿಸಿಲೇರುವ ಹೊತ್ತಿಗೆ ಲೈಲ್ಸ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಇಳಿದು ಬಂದು ಮೋವರಿಗೆ ಅಡ್ಡ ನಿಂತ.

"ಯಾರ ಅಪ್ಪಣೆ ತಗೊಂಡು ಒಳಗೆ ಬಂದೆ?"

ಒಡೆಲ್ ಬೆವರು ಒರೆಸಿಕೊಂಡ. ಹಿಡಿ ಬಿಡಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸರ್. ನೀವು ಒಬ್ಬರ ಮೇಲೆ ನಿಂತಿದ್ದೀರಿ."

ಲೈಲ್ಸ್ ಕೆಳಗೆ ನೋಡಿದ. ನೋಡಿ, ಮೆಲ್ಲಗೆ, ಒಂದು ಕಾಲೆತ್ತಿದ.